ಗುಡ್ಡದ ಗಿಡಕ್ಕೆ ಕ್ರಾಪು

ತಲೆ ಬೋಳಿಸುವುದೇ ಕಸುಬಾದರೂ ಕ್ಷೌರಿಕರು ನಲವತ್ತು ವರ್ಷದಲ್ಲಿ ಯಾರ ತಲೆಯನ್ನೂ ಬೋಳಿಸಿದವರಲ್ಲ. ಅಷ್ಟು ಸಾಚಾ ಮನುಷ್ಯ. ಕೈ ನಡುಗತೊಡಗಿದ ಮೇಲೆ ಅಂಗಡಿಯನ್ನು ಅಳಿಯನಿಗೆ ಬಿಟ್ಟು ಮನೆಯಲ್ಲಿ ಕೂತರು. ಕೂತರು ಎನ್ನುವುದು ಬರೀ ಮಾತಿಗೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಸುಬಿನ ಗುಣವೂ ಅಷ್ಟೇ. ಅವರ ಕತ್ತರಿಗೆ ಈಗ ಸಿಕ್ಕಿದ ತಲೆಯೆಂದರೆ ಮೆಟ್ಟಿಲ ಪಕ್ಕದ ಗಿಡ.

ಆ ಗಿಡ ಹೆಂಡತಿಯದು. ಈ ನೆಲದ್ದೇ ಜಾತಿ; ತವರಿನ ಹಿಂದಿನ ಗುಡ್ಡದಲ್ಲಿ ತಾನೇ ತಾನಾಗಿ ಬೆಳೆದು, ವರ್ಷವಿಡೀ ಹಸಿರಾಗಿದ್ದು, ಗೊಂಚಲು ಗೊಂಚಲು ಕೆಂಪು ಹೂ ಬಿಡುತ್ತಿತ್ತು. ರಸ್ತೆಗೆಂದು ಗುಡ್ಡ ಅಗೆಯುವ ಮುಂಚೆ ಆಕೆ ಒಂದು ಸಸಿ ಕಿತ್ತು ತಂದಿದ್ದಳು. ಆ ಹೂವನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ ಆಕೆಯ ಆಸೆ. ಮೂರು ವರ್ಷವಾದರೂ ಒಂದು ಹೂವಿಲ್ಲ. ಮಣ್ಣು ಬದಲಿಸಿದಳು, ಗೊಬ್ಬರ ಹಾಕಿದಳು, ಬೈದೂ ನೋಡಿದಳು. ಗಿಡ ಮಾತ್ರ ಫೋಟೋಗೆ ಕೂತ ಹುಡುಗನ ಹಾಗೆ ನೀಟಾಗಿ ನಿಂತಿತ್ತು.

ಕೊನೆಗೆ ನರ್ಸರಿಯವಳನ್ನು ಕರೆಸಿದಳು. ಅವಳು ಗಿಡವನ್ನು ನೋಡಲೇ ಇಲ್ಲ. ಬುಡದಲ್ಲಿ ಕತ್ತರಿಸಿ ಬಿದ್ದಿದ್ದ ತುದಿಯೊಂದನ್ನು ಎತ್ತಿ ಉಗುರಿನಿಂದ ಬಿಡಿಸಿದಳು. ಒಳಗೆ ಸಾಸಿವೆಯಷ್ಟು ಸಣ್ಣ ಮೊಗ್ಗುಗಳು.

"ಅಮ್ಮಾ, ಗಿಡ ಮೊಗ್ಗು ಬಿಡ್ತಾನೇ ಇದೆ. ನೀವು ಗುಡಿಸಿ ಎಸೀತಾ ಇದ್ದೀರಿ."

ಕ್ಷೌರಿಕರ ಮುಖ ಇಂಗು ತಿಂದ ಮಂಗನಂತಾಯಿತು. ತೆಪ್ಪಗೆ ಕತ್ತರಿ ಒಳಗಿಟ್ಟರು. ಹೆಂಡತಿಗೆ ಮೈಯೆಲ್ಲ ಉರಿದು, ಎರಡು ದಿನ ಮಾತು ಬಿಟ್ಟಳು.

ಆಮೇಲೆ ಗಿಡ ಕೆದರಿದ ತಲೆಯಾಗಿ ಬೆಳೆಯಿತು. ತುದಿಗಳಲ್ಲಿ ಮೊಗ್ಗು ಕಂಡ ದಿನ ಆಕೆಗೆ ಕುಣಿಯುವಷ್ಟು ಖುಷಿ. ಆದರೆ ಕೆಲಸವಿಲ್ಲದ ಗಂಡನ ಕೈಯೂ ಕಣ್ಣಿಗೆ ಬೀಳುತ್ತಿತ್ತು. ಊಟಕ್ಕೆ ಕೂತಾಗಲೂ ಎರಡು ಬೆರಳು ಸುಮ್ಮನೆ ಗಾಳಿಯನ್ನು ಕತ್ತರಿಸುತ್ತಿದ್ದವು.

ಒಂದು ಬೆಳಿಗ್ಗೆ ನೋಡಿದರೆ ಅವರು ಕತ್ತರಿ ಹಿಡಿದು ಗಿಡದ ಮುಂದೆ ನಿಂತಿದ್ದಾರೆ.

"ಒಂದೇ ಒಂದು ಕಡ್ಡಿ ಕಣೇ. ಎಡಗಡೆ ಓರೆಯಾಗಿದೆ."

ಆಕೆ ಬಯ್ಯಲಿಲ್ಲ. ಒಳಗಿಂದ ಸ್ಟೂಲು ತಂದು ಹಾಕಿ ಕೂತು, ಜಡೆ ಬಿಚ್ಚಿದಳು. ಮದುವೆಯಾದಾಗಿನಿಂದ ತನ್ನ ಕೂದಲಿಗೆ ಅವರ ಕತ್ತರಿ ತಾಗಗೊಡದವಳು.

"ಗಿಡ ಬಿಡಿ. ಇದರ ತುದಿ ಕತ್ತರಿಸಿ."

"ಕೈ ನಡುಗುತ್ತೆ ಕಣೇ. ಓರೆಕೋರೆ ಆದೀತು."

"ಆಗ್ಲಿ. ನನ್ನನ್ನ ಈಗ ಯಾರು ನೋಡ್ಬೇಕು?"

"ನಾನು ನೋಡ್ಬೇಕಲ್ಲ" ಎಂದರು ಕ್ಷೌರಿಕರು. ಆಕೆಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಕತ್ತರಿ ಮೆಲ್ಲಗೆ ಸದ್ದು ಮಾಡಿತು. ಬೆರಳಗಲ ತೆಗೆದು, ಅವರು "ಸಾಕಾ?" ಎಂದು ಕೇಳಿದರು.

ಸಾಕಾಗಿತ್ತು. ಆಕೆ ಮೊಗ್ಗುಗಳ ಕಡೆ ನೋಡುತ್ತಾ, "ಇನ್ನೂ ಸ್ವಲ್ಪ ತೆಗೀರಿ" ಎಂದಳು.