ಹೊಟ್ಟೆಯ ಮೇಲಿಡುವ ಪುಸ್ತಕ

"ಇದು ಮಾರ್ಗರಿತಾ ತಾಯಿ ಕಥೆ ಅಂತ ನಿಂಗೆ ಯಾರು ಹೇಳಿದ್ದು?" ಪುಟ ತಿರುಗಿಸುತ್ತಿದ್ದ ಪಾದ್ರಿ ದೋನ್ ಫೌಸ್ಟೊ ಕೈ ನಿಲ್ಲಿಸಿ ಕೇಳಿದರು.

ಯಾರು ಹೇಳಬೇಕು? ಸೂಲಗಿತ್ತಿ ಮೆನೆಗಾಗೆ ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳವ್ವ. ಆ ಅಜ್ಜಿ ವೆನಿಸ್ಸಿನ ಕಡೆಯಿಂದ ಬಂದ ಹೊರೆವ್ಯಾಪಾರಿಯ ಹತ್ತಿರ ಕೊಂಡಾಗಲೇ ಪುಸ್ತಕದ ಮೊದಲ ಹಾಳೆ ಇರಲಿಲ್ಲವಂತೆ. ಮೂವರಲ್ಲಿ ಒಬ್ಬಳಿಗೂ ಓದು ಬಾರದು. ಆದರೆ ಚಿತ್ರ ಇತ್ತಲ್ಲ! ಹಾಸಿಗೆಯಲ್ಲಿ ನರಳುವ ಜೀವ, ಸುತ್ತ ನಿಂತ ಜನ, ಮಂಚದ ಕೆಳಗೆ ಬಾಯಿ ತೆರೆದ ಘಟಸರ್ಪ. ತನ್ನನ್ನು ನುಂಗಿದ ಘಟಸರ್ಪದ ಹೊಟ್ಟೆ ಸೀಳಿಕೊಂಡು ಸಂತಳಾದ ಮಾರ್ಗರಿತಾ ತಾಯಿ ಕೂದಲೂ ಕೊಂಕದೆ ಹೊರಬಂದಳು. ಹಾಗೆಯೇ ಮಗು ಬರಲಿ ಎಂದು ಆ ಪುಸ್ತಕವನ್ನು ಬಸುರಿಯ ಹೊಟ್ಟೆಯ ಮೇಲಿಡುವುದು ಊರಿನ ರೂಢಿ. ಹೆರುವವರೆಲ್ಲ ಮುತ್ತಿಟ್ಟೂ ಮುತ್ತಿಟ್ಟೂ ಚಿತ್ರದಲ್ಲಿ ಮಲಗಿದ್ದ ಜೀವದ ಮುಖ ಅಳಿಸಿಹೋಗಿತ್ತು. ಬೇರೆ ಪುಟ ತೆರೆಯುವ ಗೊಡವೆಗೆ ಯಾರೂ ಹೋಗಿರಲಿಲ್ಲ.

ದೋನ್ ಫೌಸ್ಟೊ ಮುಂದಿನ ಚಿತ್ರ ತೋರಿಸಿದರು. ಅದೇ ಮಂಚ, ಅದೇ ಜನ. ಮಲಗಿದವನಿಗೆ ಎದೆಯುದ್ದ ಗಡ್ಡ.

"ಇದು ಸಾಯೋರಿಗೆ ಓದಿ ಹೇಳೋ ಪುಸ್ತಕ ಕಣಮ್ಮ. ಒಳ್ಳೆ ಸಾವು ಸಾಯೋದು ಹೆಂಗೆ ಅಂತ. ಮಂಚದ ಕೆಳಗಿರೋದು ಸೈತಾನ."

ಲ್ಯಾಟಿನ್ ಬಿಟ್ಟು ಜನರ ಆಡುಮಾತಿನಲ್ಲಿ ಅಚ್ಚಾದ ಧರ್ಮಪುಸ್ತಕಗಳನ್ನೆಲ್ಲ ಇಗರ್ಜಿಗೆ ತಂದೊಪ್ಪಿಸಬೇಕು, ಸುಡಬೇಕು ಎಂದು ಬಿಷಪ್ಪರ ಅಪ್ಪಣೆಯಾಗಿತ್ತು. ಮಗಳು ಆಂಜೋಲಾಗೆ ದಿನ ತುಂಬಿದೆ, ಹೆರಿಗೆಯವರೆಗೆ ಬಿಟ್ಟುಕೊಡಿ ಎಂದು ಬೇಡಲು ಮೆನೆಗಾ ತಾನೇ ಅದನ್ನು ತಂದಿದ್ದಳು. ಪಾದ್ರಿ ಒಳ್ಳೆಯವರು. ಹೆರಿಗೆಯಾದ ಮೇಲೆ ತಂದುಕೊಡು, ಮಗಳಿಗೆ ಏನೂ ಹೇಳಬೇಡ ಎಂದು ಪುಸ್ತಕ ವಾಪಸು ಕೊಟ್ಟರು. ಈಗ ಅದು ಬೇಕಾಗಿದ್ದು ಯಾರಿಗೆ?

ದಾರಿಯುದ್ದಕ್ಕೂ ಅವಳಿಗೆ ಆ ಪುಸ್ತಕ ಇಟ್ಟೂ ಹೆರಿಗೆಯಲ್ಲಿ ಸತ್ತವರೇ ನೆನಪಾದರು. ಗಿರಣಿಯವನ ಹೆಂಡತಿ. ಅವಳಿ ಹೆತ್ತ ಕುಂಟಿ ಸಾಂತಾ. ಬದುಕಿದವರು ನೂರಾರು ಮಂದಿ. ಅವರಲ್ಲಿ ಒಬ್ಬರೂ ನೆನಪಾಗಲಿಲ್ಲ, ಹಾಳು ಮನಸ್ಸು. ಮನೆಗೆ ಬಂದವಳೇ ಪುಸ್ತಕವನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಹುದುಗಿಸಿಟ್ಟು, ಇಗರ್ಜಿಗೆ ಕೊಟ್ಟುಬಿಟ್ಟೆ ಎಂದು ಮಗಳಿಗೆ ಹೇಳಿದಳು.

ಆಂಜೋಲಾ ಅಳಲಿಲ್ಲ, ಜಗಳವಾಡಲಿಲ್ಲ. ಊಟ ಬಿಟ್ಟಳು, ಅಷ್ಟೇ. ನಾಲ್ಕನೆಯ ದಿನ ಬೆಳಗ್ಗೆ ನೋವು ಶುರುವಾಯಿತು. ಮೆನೆಗಾ ರೂಢಿಯಂತೆ ಮನೆಯ ಗಂಟುಗಳನ್ನೆಲ್ಲ ಬಿಚ್ಚಿದಳು: ಮಗಳ ಜಡೆ, ಲಂಗದ ಲಾಡಿ, ಈರುಳ್ಳಿ ಗೊಂಚಲಿನ ದಾರವನ್ನೂ. ಹೆರಿಗೆಯ ಕೋಣೆಯಲ್ಲಿ ಗಂಟಿದ್ದರೆ ಮಗು ಒಳಗೇ ಸಿಕ್ಕಿಕೊಳ್ಳುತ್ತದೆ. ಮಧ್ಯಾಹ್ನ ಕಳೆಯಿತು. ಮಗು ಇಳಿಯಲಿಲ್ಲ.

"ನಿನ್ನ ಕೈಗುಣ ನಂಬ್ತೀನವ್ವ," ಆಂಜೋಲಾ ಹಲ್ಲು ಕಚ್ಚಿ ಹೇಳಿದಳು. "ಆದ್ರೆ ತಾಯಿ ಪುಸ್ತಕ ಇಲ್ದೆ ನನ್ ಕೈಲಾಗಲ್ಲ."

ಮಗಳು ಹೆದರಿಯೇ ಸಾಯುತ್ತಾಳೆ ಅನ್ನಿಸಿತು. ಮೆನೆಗಾ ಪೆಟ್ಟಿಗೆಗೆ ಕೈಹಾಕಿ, ಹಿಟ್ಟು ಕೊಡವಿ, ಪುಸ್ತಕವನ್ನು ತಂದು ಆ ಹೊಟ್ಟೆಯ ಮೇಲಿಟ್ಟಳು. ಇಟ್ಟ ಕೈ ಸುಟ್ಟಂತಾಯಿತು. ಆಂಜೋಲಾ ಗಡ್ಡದವನ ಅಳಿಸಿದ ಮುಖಕ್ಕೆ ಮುತ್ತಿಟ್ಟು ನಕ್ಕಳು. ಸ್ವಲ್ಪ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು.

ರಕ್ತ ಮಾತ್ರ ನಿಲ್ಲಲಿಲ್ಲ. ಕಲಿತದ್ದನ್ನೆಲ್ಲ ಮೆನೆಗಾ ಮಾಡಿದಳು. ಹಾಸಿದ ಹುಲ್ಲು ಮೂರು ಸಲ ಬದಲಾಯಿತು. ಕೊನೆಗೆ ಪಕ್ಕದ ಮನೆಯವಳನ್ನು ಪಾದ್ರಿಯ ಹತ್ತಿರ ಓಡಿಸಿದಳು.

ದೋನ್ ಫೌಸ್ಟೊ ಬಂದು ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿ ಲ್ಯಾಟಿನ್ನಿನಲ್ಲಿ ಮಂತ್ರ ಹೇಳಿದರು. ತಿಳಿಯದ ಮಾತು ಕೇಳಿ ಆಂಜೋಲಾಳ ಕಣ್ಣುಗಳು ಭಯದಿಂದ ಅಗಲವಾದವು. ಅವಳು ಅವ್ವನ ಸೆರಗು ಹಿಡಿದುಕೊಂಡಳು. ಮೆನೆಗಾ ಪುಸ್ತಕವನ್ನು ಪಾದ್ರಿಯ ಮುಂದೆ ಚಾಚಿದಳು.

"ಓದಿ ಸ್ವಾಮಿ."

"ಇದನ್ನ ಇಟ್ಕೊಳ್ಳೋದೇ ತಪ್ಪು. ನಾನೇ ಓದೋದಾ?"

"ಇದು ಇರೋದೇ ಇದಕ್ಕೆ ಅಂತ ನೀವೇ ಅಂದ್ರಲ್ಲ."

ಪಾದ್ರಿ ಎದ್ದು ಬಾಗಿಲು ಮುಚ್ಚಿ ಬಂದು ಓದತೊಡಗಿದರು. ಹೆದರಬೇಡ ಮಗೂ, ಬಂದ ಮನೆಗೇ ಹೋಗುತ್ತಿದ್ದೀಯ. ಬಾಗಿಲಲ್ಲಿ ನಿನ್ನವರು ಕಾಯುತ್ತಿದ್ದಾರೆ. ಮಂಚದ ಕೆಳಗಿನವನು ಏನು ಹೇಳಿದರೂ ಕಿವಿಗೊಡಬೇಡ. ಮನೆಯಲ್ಲಿ ದಿನವೂ ಆಡುವ ಮಾತು. ಅವ್ವನ ಸೆರಗು ಹಿಡಿದಿದ್ದ ಬೆರಳುಗಳು ಸಡಿಲಾದವು.

"ಮಾರ್ಗರಿತಾ ತಾಯಿ ಕಥೆ ಇಷ್ಟು ಚೆನ್ನಾಗಿದೆ," ಎಂದಳು ಆಂಜೋಲಾ. "ನೀನು ಒಂದಿನಾನೂ ಓದಿ ಹೇಳ್ಲಿಲ್ವಲ್ಲ ಅವ್ವಾ."

"ನಂಗೆ ಓದೋಕೆ ಬರಲ್ಲ ಮಗಳೇ," ಎಂದಳು ಮೆನೆಗಾ.

ಪಾದ್ರಿ ಕೊನೆಯ ಪುಟದವರೆಗೂ ಓದಿದರು. ಅದಕ್ಕೆ ಮೊದಲೇ ಕೇಳುವವಳು ಹೋಗಿದ್ದಳು. ಅವರು ಪುಸ್ತಕ ಮುಚ್ಚಿ, ಇದು ಇಲ್ಲೇ ಇರಲಿ, ನಾನು ನೋಡಲಿಲ್ಲ ಅಂದುಕೊಳ್ಳುತ್ತೇನೆ ಎಂದು ಮೆಲ್ಲಗೆ ಹೇಳಿದರು. ಬೇಡ ಸ್ವಾಮಿ, ತಗೊಂಡು ಹೋಗಿ ಎಂದಳು ಮೆನೆಗಾ.

ಮೊಮ್ಮಗುವನ್ನು ತೊಡೆಯ ಮೇಲೆ ಸರಿಸಿಕೊಂಡು ಪುಸ್ತಕವನ್ನು ಅದರ ಹಳೆಯ ಬಟ್ಟೆಯಲ್ಲಿ ಸುತ್ತಿದಳು. ಮೂರು ತಲೆಮಾರಿನಿಂದ ಆ ಬಟ್ಟೆಯನ್ನು ಬರೀ ಮಡಿಸಿಡುತ್ತಿದ್ದರು, ಯಾರೂ ಗಂಟು ಹಾಕಿರಲಿಲ್ಲ. ಅವಳು ಅದರ ತುದಿಗಳನ್ನು ಎಳೆದು ಒಂದು ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದಳು.