ಯಂತ್ರದ ಕಣ್ಣಿಗೆ ಕುಂಕುಮ

ಬಜಗೋಳಿಯ ಉಮಾನಾಥನ ಗೇರುಬೀಜದ ಕಾರ್ಖಾನೆಗೆ ದಸರಾಕ್ಕೆ ಸ್ವಲ್ಪ ಮೊದಲು ಕಲರ್ ಸಾರ್ಟರ್ ಬಂತು. ಆಳೆತ್ತರದ ಯಂತ್ರ. ಮೇಲಿಂದ ಬೀಜ ಸುರಿದರೆ ಸಾಕು, ಕೆಳಗೆ ಬೀಳುವಷ್ಟರಲ್ಲಿ ಒಳಗಿನ ಕ್ಯಾಮರಾ ಒಂದೊಂದನ್ನೂ ನೋಡುತ್ತದೆ. ಕಪ್ಪು ಕಲೆ ಕಂಡರೆ, ಕೆಂಪು ಸಿಪ್ಪೆ ಅಂಟಿಕೊಂಡಿದ್ದರೆ, ಫುಸ್ ಎಂದು ಗಾಳಿ ಊದಿ ಪಕ್ಕದ ರಿಜೆಕ್ಟ್ ಡಬ್ಬಿಗೆ ತಳ್ಳುತ್ತದೆ. ಅದಕ್ಕೆ ಯಾರ ಮುಲಾಜೂ ಇಲ್ಲ. ಸೋದರಮಾವನ ತೋಟದ ಬೀಜವಾದರೂ ಅಷ್ಟೇ.

ಇಷ್ಟು ವರ್ಷ ಉಮಾನಾಥನ ಬೀಜ ಬೇರೆಯವರ ಪ್ಯಾಕೆಟ್ಟಿನಲ್ಲಿ, ಬೇರೆಯವರ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅದು ಅವನಿಗೆ ನುಂಗಲಾರದ ತುತ್ತು. ಈಗ ಉಡುಪಿ, ಮಣಿಪಾಲ, ಕಾಪುವಿನಲ್ಲಿ ಅಂಗಡಿಗಳಿರುವ ಜೋಕಿಮಣ್ಣ, "ಮೆಷಿನ್ ಓಡುವುದನ್ನು ಒಮ್ಮೆ ಕಣ್ಣಾರೆ ನೋಡ್ತೇನೆ. ಸರಿ ಕಂಡರೆ ನಿಮ್ಮದೇ ಹೆಸರಿನ ಪ್ಯಾಕೆಟ್ ಇಡುವ" ಎಂದಿದ್ದರು. ದಸರಾ ಮುಗಿದ ಮರುದಿನವೇ ಬರುವವರಿದ್ದರು.

ಕಾರ್ಖಾನೆಗೆ ಮಾಲೀಕ ಉಮಾನಾಥ, ಮಾಲೀಕನಿಗೆ ಮಾಲೀಕಳು ಅವನ ಅಮ್ಮ ಬೇಬಿಯಕ್ಕ. ವಯಸ್ಸು ಎಪ್ಪತ್ತರ ಹತ್ತಿರ, ಹೆಸರು ಬೇಬಿ; ಇಟ್ಟವರು ಅಷ್ಟು ದೂರ ಯೋಚಿಸಿರಲಿಲ್ಲ. ಪರರ ಕಾರ್ಖಾನೆಯಲ್ಲಿ ಗೇರುಬೀಜ ಒಡೆದು ಒಡೆದು ಮಗನನ್ನು ಸಾಕಿದವಳು. ಗೇರೆಣ್ಣೆ ಸುಟ್ಟ ಬೆರಳ ತುದಿಗಳು ಇನ್ನೂ ಕಪ್ಪಾಗಿದ್ದವು. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಇದ್ದಬದ್ದ ಎಲ್ಲದಕ್ಕೂ ಅವಳೇ ಕುಂಕುಮ ಇಟ್ಟಳು. ತಕ್ಕಡಿ, ಬಾಗಿಲು, ಮೀಟರ್ ಬೋರ್ಡು, ಯಾವುದನ್ನೂ ಬಿಡಲಿಲ್ಲ. ಹೊಸ ಯಂತ್ರದ ಮೇಲೆ ಮಾತ್ರ ಸ್ವಲ್ಪ ಪಕ್ಷಪಾತ. ಅದರ ಬಾಗಿಲು ತೆಗೆದು ಒಳಗೂ ಧಾರಾಳವಾಗಿ ಬಳಿದಳು.

ಜೋಕಿಮಣ್ಣ ಬರುವ ದಿನ ಬೆಳಿಗ್ಗೆ ಉಮಾನಾಥ ಸ್ವಿಚ್ ಹಾಕಿ ನೋಡುತ್ತಾನೆ, ಹಾಲಿನಂಥ ಬೀಜವೆಲ್ಲ ಫುಸ್ ಫುಸ್ ಎಂದು ರಿಜೆಕ್ಟ್ ಡಬ್ಬಿಗೆ ಹಾರುತ್ತಿದೆ. ಒಳ್ಳೆಯ ಡಬ್ಬಿಗೆ ಒಂದೇ ಒಂದು ಬೀಳುತ್ತಿಲ್ಲ. ತಕ್ಷಣ ಸ್ವಿಚ್ ಆರಿಸಿದ. ಯಂತ್ರ ಕೂರಿಸಿ ಹೋಗಿದ್ದ ಟೆಕ್ನಿಷಿಯನ್ ಲಕ್ಷಿತ್‌ಗೆ ಫೋನ್ ಮಾಡಿದ.

"ಕ್ಯಾಮರಾದ ಗಾಜಿನ ಮೇಲೆ ಎಂತಾದರೂ ಉಂಟಾ ನೋಡಿ ಸರ್."

ಉಂಟು. ಗಾಜಿನ ಉದ್ದಕ್ಕೂ ಅಮ್ಮನ ಮೂರು ಬೆರಳಿನ ಕುಂಕುಮ. ಲೋಕದ ಬೀಜವೆಲ್ಲ ಯಂತ್ರಕ್ಕೆ ಕೆಂಪು ಸಿಪ್ಪೆಯದ್ದಾಗಿಯೇ ಕಾಣುತ್ತಿತ್ತು.

"ಕುಂಕುಮ ಉಂಟು" ಎಂದ ಉಮಾನಾಥ, ಸ್ವರ ತಗ್ಗಿಸಿ.

"ಬಟ್ಟೆಯಲ್ಲಿ ಒರೆಸಿಬಿಡಿ ಸರ್, ಮುಗೀತು."

ಹೇಳುವವನಿಗೆ ಏನು, ಹೇಳಿದ. ಯಂತ್ರದ ಎದುರಿಗೇ ಅಮ್ಮ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಪೂಜೆಯ ಕುಂಕುಮ ತಾನಾಗಿ ಉದುರಬೇಕು, ಒರೆಸಬಾರದು ಎಂಬುದು ಅವಳದೇ ಕಾನೂನು. ಅದು ಹಾಗಿರಲಿ, ಬೆಳಿಗ್ಗೆಯಿಂದ ಕೆಲಸದ ಹೆಂಗಸರಿಗೆಲ್ಲ "ನಾನೇ ಕೈಯಾರೆ ಬೊಟ್ಟು ಇಟ್ಟಿದ್ದೇನೆ, ಇನ್ನು ಎಂತ ಹೆದರಿಕೆ?" ಎಂದು ಹೇಳುತ್ತ ಬಂದಿದ್ದಳು. ನಿನ್ನ ಬೊಟ್ಟಿನಿಂದಲೇ ಕೆಟ್ಟಿತು ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಉಮಾನಾಥ ಬಟ್ಟೆಯನ್ನು ಕಿಸೆಗೆ ತುರುಕಿ, ಅಮ್ಮ ಚಹಾಕ್ಕಾದರೂ ಏಳಲಿ ಎಂದು ಕಾದ. ಅವಳು ಏಳಲಿಲ್ಲ. ಅಷ್ಟರಲ್ಲಿ ಜೋಕಿಮಣ್ಣ ಬಂದೇಬಿಟ್ಟರು.

ಬೇರೆ ದಾರಿ ಕಾಣದೆ ಉಮಾನಾಥ ಸ್ವಿಚ್ ಹಾಕಿದ, ಯಂತ್ರ ಓಡಿತು. ಜೋಕಿಮಣ್ಣ ರಿಜೆಕ್ಟ್ ಡಬ್ಬಿಯಿಂದ ನಾಲ್ಕು ಬೀಜ ಎತ್ತಿ ಬಾಯಿಗೆ ಹಾಕಿಕೊಂಡರು.

"ಇದು ರಿಜೆಕ್ಟಾ?"

"ಹೌದು... ಅಂದರೆ..."

"ಅಯ್ಯೋ ಮಾರಾಯ್ರೆ! ಇಂಥದ್ದನ್ನು ತಳ್ಳುವವರು ಇಟ್ಟುಕೊಳ್ಳುವುದು ಇನ್ನೆಂಥದ್ದು?" ಎಂದು ಒಳ್ಳೆಯ ಡಬ್ಬಿಗೆ ಇಣುಕಿದರು. ಖಾಲಿ ಡಬ್ಬಿಯನ್ನು ಗೌರವದಿಂದ ಬಹಳ ಹೊತ್ತು ನೋಡಿದರು. "ಇಷ್ಟು ಸ್ಟ್ರಿಕ್ಟ್ ನಾನು ಎಲ್ಲಿಯೂ ನೋಡಿದ್ದಿಲ್ಲ."

ವ್ಯಾಪಾರಿಯ ತಲೆ ಸುಮ್ಮನಿರುತ್ತದೆಯೇ? "ಒಂದು ಕೆಲಸ ಮಾಡುವ. ನಿಮ್ಮ ಫಸ್ಟ್ ಕ್ವಾಲಿಟಿ ನಮಗೆ ಬೇಡ. ವಾರ ವಾರ ಈ ರಿಜೆಕ್ಟನ್ನೇ ಕೊಡಿ, ರಿಜೆಕ್ಟಿನ ರೇಟಿಗೆ. ಅದಕ್ಕೆ ಹೆಸರು, ಪ್ಯಾಕೆಟ್ ಎಲ್ಲ ಎಂತಕ್ಕೆ? ಲೂಸ್ ಮಾರ್ತೇನೆ."

ಉಮಾನಾಥನಿಗೆ ಅಳುವೇ ಬಂತು. "ಇದು ರಿಜೆಕ್ಟ್ ಅಲ್ಲ ಜೋಕಿಮಣ್ಣ. ಸೆಟ್ಟಿಂಗ್ ತಪ್ಪಿದೆ. ನಾನೇ ತಪ್ಪು ಮಾಡಿದ್ದು."

ಜೋಕಿಮಣ್ಣನ ಮುಖ ಸಪ್ಪಗಾಯಿತು. "ನಿಮ್ಮ ಮೆಷಿನ್ ನಿಮಗೇ ಗೊತ್ತಿಲ್ಲದಿದ್ದರೆ ನಿಮ್ಮ ಹೆಸರನ್ನು ನಾನು ಅಂಗಡಿಯಲ್ಲಿ ಹೇಗೆ ಇಡುವುದು ಹೇಳಿ?" ಕಾರಿನ ಕೀ ಹುಡುಕುತ್ತ ಹೊರಟರು.

"ಸ್ವಲ್ಪ ನಿಲ್ಲಿ ಜೋಕಿಮರೇ" ಎಂದಳು ಬೇಬಿಯಕ್ಕ ಕುರ್ಚಿಯಿಂದಲೇ. "ಅವನಿಗೆ ಸೆಟ್ಟಿಂಗ್ ಎಲ್ಲ ಗೊತ್ತುಂಟು. ಗಾಜಿಗೆ ಕುಂಕುಮ ಬಳಿದದ್ದು ನಾನು. ಫೋನಿನಲ್ಲಿ ಮಾತಾಡಿದ್ದು ನನಗೆ ಕೇಳಿದೆ. ಬಾಯಿಬಿಟ್ಟು ಹೇಳ್ತಾನಾ ನೋಡುವ ಅಂತ ಕೂತಿದ್ದೆ."

ಎದ್ದು ಯಂತ್ರದ ಬಾಗಿಲು ತೆಗೆದಳು. ದೇವರಲ್ಲಿ ತಪ್ಪಾಯ್ತೆಂದು ಎರಡೂ ಕೆನ್ನೆ ಮುಟ್ಟಿಕೊಂಡು, ಸೆರಗಿನಿಂದ ಗಾಜನ್ನು ಚೊಕ್ಕವಾಗಿ ಒರೆಸಿದಳು. ಈ ಸಲ ಬಿಳಿ ಬೀಜ ಒಳ್ಳೆಯ ಡಬ್ಬಿಗೂ ಕಪ್ಪು ಕೆಂಪಿನವು ರಿಜೆಕ್ಟ್ ಡಬ್ಬಿಗೂ ತೆಪ್ಪಗೆ ಹೋಗಿ ಬಿದ್ದವು.

ಜೋಕಿಮಣ್ಣ ನಗಲಿಲ್ಲ. "ನಮ್ಮ ಕಾಪು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಚರ್ಚಿನ ಫಾದರ್ ತೀರ್ಥ ಹಾಕಿದ್ದರು, ಬೇಬಿಯಕ್ಕ. ಆಮೇಲೆ ಯಾರು ಹತ್ತಿ ನಿಂತರೂ ತೂಕ ಸೊನ್ನೆ. ನನ್ನ ಹೆಂಡತಿ ರಿಪೇರಿಗೇ ಬಿಡಲಿಲ್ಲ." ಮತ್ತೆ ಉಮಾನಾಥನ ಕಡೆ ತಿರುಗಿ, "ಪ್ಯಾಕೆಟ್ ಪ್ರಿಂಟಿಗೆ ಕೊಡಿ" ಎಂದು ಕಾರು ಹತ್ತಿದರು.

ಉಮಾನಾಥನಿಗೆ ಸಂತೋಷಪಡಲೂ ನಾಚಿಕೆಯಾಯಿತು. "ನಿನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ ಅಮ್ಮ" ಎಂದ.

"ನನ್ನ ಬೇಜಾರಿಗೆ ಹೆದರಿ ನಿನ್ನ ಹೆಸರು ಬಿಟ್ಟುಕೊಡುವುದಾ?" ಬೇಬಿಯಕ್ಕ ಕಪ್ಪು ಬೆರಳುಗಳನ್ನು ಅವನ ಮುಖದೆದುರು ಹಿಡಿದಳು. "ಇದೆಲ್ಲ ಸುಟ್ಟುಕೊಂಡದ್ದು ಎಂತಕ್ಕೆ ಮಾರಾಯ?"