ಮೂರನೆಯ ಒನಕೆ

ಸತ್ತ ತಾಯಿಯನ್ನು ಒಳಗಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸುತ್ತಿದ್ದಾಗಲೂ ಗಡಿಗೆಪ್ಪನ ಕಣ್ಣು ಅಂಗಳದ ಒರಳಿನ ಮೇಲೆಯೇ ಇತ್ತು. ನೆರೆಮನೆಯ ಪಕೀರಪ್ಪ ಬೆನ್ನಿಗೆ ದಿಂಬು ಕೊಟ್ಟು, ಸೊಂಟಕ್ಕೆ ಸುತ್ತಿದ ಬಟ್ಟೆಯನ್ನು ಗೂಟಕ್ಕೆ ಬಿಗಿದ. ಹಣೆತುಂಬ ವಿಭೂತಿ ಬಳಿದರು, ಎಡಗೈಯಲ್ಲಿ ಲಿಂಗ ಇಟ್ಟರು. ಬಲಗೈ ಬೆರಳುಗಳು ಮಾತ್ರ ಒನಕೆ ಹಿಡಿದ ಹಾಗೆಯೇ ಬಾಗಿದ್ದವು. ಎಷ್ಟು ತಿಕ್ಕಿದರೂ ನೆಟ್ಟಗಾಗಲಿಲ್ಲ. ಬದುಕಿದ್ದಾಗ ಯಾರ ಮನೆಯ ಜಗಲಿಯನ್ನೂ ಹತ್ತಿ ಕೂರದ ಬಸವಂತಮ್ಮ, ಈಗ ಅಜ್ಜಿಕತೆಯ ರಾಣಿಯ ಹಾಗೆ ಎತ್ತರದಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು.

ರಾಯಚೂರಿನ ಬಸ್ಸು ಮಾನ್ವಿಗೆ ಬರುವ ಹೊತ್ತಾಗಿತ್ತು. ಅದರಲ್ಲಿ ಅವನು ಪಾಠ ಮಾಡುವ ಸಂಸ್ಥೆಯಿಂದ ಯಾರಾದರೂ ಬರುತ್ತಾರೆ. ಗಡಿಗೆಪ್ಪ ಗೋಣಿಚೀಲ ತಂದು ಒರಳಿನ ಮೇಲೆ ಹಾಸಿದ, ಮೇಲೊಂದು ನೀರಿನ ಕೊಡ ಇಟ್ಟ. ಒಳಮನೆಯ ಮೂಲೆಗೆ ಆನಿಸಿದ್ದ ಮೂರು ಒನಕೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಕಟ್ಟಿಗೆಯ ಒಟ್ಟಿಲಿನ ಹಿಂದೆ ಮಲಗಿಸಿದ. ಹಿಡಿಯುವ ಜಾಗದಲ್ಲಿ ಕಟ್ಟಿಗೆ ಸವೆದು ಗಾಜಿನಂತೆ ನುಣುಪಾಗಿತ್ತು. ಅದನ್ನು ಮುಟ್ಟಿದ ಕೈಯನ್ನು ಅವನು ಧೋತರಕ್ಕೆ ಒರೆಸಿಕೊಂಡ. ಯಾಕೆ ಒರೆಸಿಕೊಂಡೆ ಎಂದು ಮರುಗಳಿಗೆ ಮೈ ಕುಗ್ಗಿತು.

ಒಳಗೆ ಬಂದರೆ ಅರಕೇರಾದಿಂದ ಕರೆಮ್ಮ, ದುರುಗಮ್ಮ ಬಂದು ಕೂತಿದ್ದರು. ಹರೆಯದಲ್ಲಿ ಇಬ್ಬರೂ ಇದೇ ಓಣಿಯಲ್ಲಿದ್ದವರು. ಮಾನ್ವಿಗೆ ಅಕ್ಕಿ ಗಿರಣಿ ಬರುವ ತನಕ ಊರಿನ ಸಾಹುಕಾರರ ಭತ್ತವೆಲ್ಲ ಈ ಅಂಗಳಕ್ಕೆ ಬರುತ್ತಿತ್ತು. ಬಸವಂತಮ್ಮ, ಕರೆಮ್ಮ, ದುರುಗಮ್ಮ ಒಂದೇ ಒರಳಿನ ಸುತ್ತ ನಿಂತು ಕುಟ್ಟಿ ಅಕ್ಕಿ ಮಾಡಿ ಕಳಿಸುತ್ತಿದ್ದರು. ಗಂಡ ಸತ್ತ ಬಸವಂತಮ್ಮ ಮಗನನ್ನು ಓದಿಸಿದ್ದು ಆ ಕೂಲಿಯಿಂದಲೇ.

ಕರೆಮ್ಮ ಮೂಲೆಯತ್ತ ನೋಡಿದಳು.

"ತಮ್ಮಾ, ಒನಕಿ ಎಲ್ಲದಾವ?"

"ಈಗ್ಯಾಕ ಬೇ ಅವು?"

ಮೂವರ ನಡುವೆ ಒಂದು ಮಾತಾಗಿತ್ತಂತೆ. ಯಾರು ಮೊದಲು ಹೋದರೂ, ಉಳಿದವರು ಒಂದು ಬೊಗಸೆ ಭತ್ತ ಕುಟ್ಟಿ ಆ ಅಕ್ಕಿಯನ್ನು ಅವರ ಜೊತೆ ಮಣ್ಣಿಗೆ ಹಾಕಬೇಕು. ದುರುಗಮ್ಮ ಸೆರಗಿನ ಗಂಟು ಬಿಚ್ಚಿ ಭತ್ತ ತೋರಿಸಿದಳು. ನೋಡೋಣ, ಮಂದಿ ಬರಲಿ ಎಂದು ಗಡಿಗೆಪ್ಪ ಬಾಗಿಲಿಗೆ ಹೋದ. ಮಂದಿ ಬಂದು ಹೋಗಲಿ ಎಂಬುದು ಅವನ ಮನಸ್ಸಿನಲ್ಲಿದ್ದದ್ದು.

*

ಕೃಷ್ಣೆಯ ದಂಡೆಯಲ್ಲಿ ಕರೆಂಟು ತಯಾರಿಸುವ ದೊಡ್ಡ ಕಾರ್ಖಾನೆ ಬರುತ್ತದಂತೆ ಎಂದು ಜಿಲ್ಲೆಯ ಹುಡುಗರೆಲ್ಲ ಕನಸು ಕಾಣುತ್ತಿದ್ದ ವರ್ಷಗಳವು. ರಾಯಚೂರಿನ ಸಂಸ್ಥೆಯಲ್ಲಿ ಗಡಿಗೆಪ್ಪ ಅವರಿಗೆ ಮೂರು ಫೇಸಿನ ಕರೆಂಟಿನ ಪಾಠ ಮಾಡುತ್ತಿದ್ದ.

ಬೋರ್ಡಿನ ಮೇಲೆ ಒಂದು ದೊಡ್ಡ ಬಳೆ ಬರೆದು, ಅದರ ಒಳಮೈಯಲ್ಲಿ ಸಮ ದೂರದಲ್ಲಿ ತಾಮ್ರದ ತಂತಿಯ ಮೂರು ಸುರುಳಿ ಕೂರಿಸುತ್ತಿದ್ದ. ನಡುವೆ ಗರಗರ ತಿರುಗುವ ಅಯಸ್ಕಾಂತ. ಅದರ ಒಂದು ತುದಿ ಸುರುಳಿಯ ಮುಂದೆ ಬಂದಾಗ ಆ ಸುರುಳಿಯಲ್ಲಿ ವೋಲ್ಟೇಜು ಏರಿ ತುದಿ ಮುಟ್ಟುತ್ತದೆ, ದಾಟಿ ಹೋದಂತೆ ಇಳಿಯುತ್ತದೆ, ಇನ್ನೊಂದು ತುದಿ ಬಂದಾಗ ತಿರುಗುಮುರುಗಾಗುತ್ತದೆ. ಅಯಸ್ಕಾಂತ ಒಂದೇ. ಆದರೆ ಸುತ್ತಿನ ಮೂರರಲ್ಲೊಂದು ಪಾಲಿನಷ್ಟು ಹಿಂದೆ ಹಿಂದೆ, ಒಂದಾದ ಮೇಲೊಂದು ಸುರುಳಿಗೆ ಅದರ ಪಾಳಿ.

ಹುಡುಗರ ಮುಖ ಖಾಲಿಯಾಗಿಯೇ ಇರುತ್ತಿತ್ತು. ಮೊದಲ ವರ್ಷ, ಯೋಚಿಸದೆಯೇ ಅವನ ಬಾಯಿಗೆ ಒರಳು ಬಂತು. "ಮೂವರು ಹೆಂಗಸರು ಒಂದೇ ಒರಳಿನಾಗ ಕುಟ್ಟೋದು ನೋಡೀರೇನು? ಒಬ್ಬಾಕಿ ಒನಕಿ ಮ್ಯಾಲ ತುದಿ ಮುಟ್ಟಿದಾಗ ಇನ್ನೊಬ್ಬಾಕಿದು ಇಳೀತಿರತದ, ಮತ್ತೊಬ್ಬಾಕಿದು ಏರಾಕತ್ತಿರತದ. ಒಂದಕ್ಕೊಂದು ತಾಕಂಗಿಲ್ಲ, ಪೆಟ್ಟು ನಿಲ್ಲಂಗಿಲ್ಲ. ಅದಕ್ಕ ಮೂರು ಫೇಸಿನ ಮೋಟಾರು ಜರ್ಕು ಇಲ್ದಂಗ ತಿರುಗತದ."

ತರಗತಿ ಅರಳಿತು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸಾರ್, ನಿಮ್ಮವ್ವಾರೂ ಕುಟ್ತಿದ್ದರೇನ್ರಿ?"

ಎಲ್ಲರೂ ನಕ್ಕರು. ಗಡಿಗೆಪ್ಪ ಬೋರ್ಡಿನತ್ತ ತಿರುಗಿಕೊಂಡ.

"ಇಲ್ಲಪ್ಪ. ನಮ್ಮ ಮನಿಗೆ ಮೂವರು ಹೆಂಗಸರು ಕುಟ್ಟಾಕ ಬರ್ತಿದ್ರು."

ಸುಣ್ಣದ ಗೋಡೆಗೆ ಬಿದ್ದ ಎಣ್ಣೆಯ ಕಲೆಯ ಹಾಗೆ ಆ ಮಾತು ಪಾಠಕ್ಕೆ ಅಂಟಿಕೊಂಡಿತು. ಪ್ರತಿವರ್ಷ ಪಾಠ, ಪ್ರತಿವರ್ಷ ಆ ಮೂವರು ಆಳು ಹೆಂಗಸರು.

ಜೋಲಿಯಲ್ಲಿ ಮಲಗಿದ್ದ ಕೂಸಾಗಿದ್ದಾಗ, ಮೂರರಲ್ಲಿ ಒಂದು ಒನಕೆ ನಿಂತರೂ ಅವನು ಎಚ್ಚೆತ್ತು ಅಳುತ್ತಿದ್ದನಂತೆ. ಅದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

*

ಬಸ್ಸಿನಿಂದ ಇಳಿದು ಬಂದವನು ಗುಲಾಮ್ ದಸ್ತಗೀರ್ ಒಬ್ಬನೇ. ಪಕ್ಕದ ವರ್ಕ್‌ಶಾಪಿನಲ್ಲಿ ಮೋಟಾರು ಸುತ್ತುವುದನ್ನು ಕಲಿಸುವವನು, ಗಡಿಗೆಪ್ಪನ ಪಾಠವನ್ನು ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠ ಮಾಡಿದವನು. ಚಪ್ಪಲಿ ಹೊರಗೆ ಬಿಟ್ಟು, ಗಡಿಗೆಪ್ಪನ ತೋಳು ಹಿಡಿದು, ಹೂವಿನ ಹಾರ ಹಾಕಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

"ಸಾರ್, ಈ ಯವ್ವನ್ನ ನಾನು ನೋಡೀನಿ."

ಗಡಿಗೆಪ್ಪ ಹಾರವನ್ನು ಅವನ ಕೈಯಿಂದ ತೆಗೆದುಕೊಂಡ.

"ಹ್ವಾದ ಬ್ಯಾಸಿಗ್ಯಾಗ ರೊಟ್ಟಿ ಗಂಟು ತಂದಿದ್ರಲ್ಲ, ಹಚ್ಕೊಂಡು ತಿನ್ನಾಕ ಶೇಂಗಾ ಹಿಂಡಿ ಇತ್ತು ಅದರಾಗ. ನೀವು ಆ ಒರಳಿನ ಪಾಠದಾಗ ಇದ್ರಿ. ಭಾಳ ಹೊತ್ತು ಕಿಟಕಿ ತಳಗ ನಿಂತಿದ್ರು. ಒಳಗ ಬರ್ರಿ ಅಂದೆ, ಬರಲಿಲ್ಲ. ಯಾರು ಕೊಟ್ಟರಂತ ಹೇಳಲಿ ಯವ್ವಾ ಅಂತ ಕೇಳಿದೆ." ದಸ್ತಗೀರ್ ಆ ಕೂತ ಮುಖದತ್ತ ನೋಡಿದ. "ಸಾರ್ ಮನಿಗೆ ಕುಟ್ಟಾಕ ಬರ್ತಿದ್ದಾಕಿ ಅಂತ ಹೇಳಪ್ಪ, ಅಂದ್ರು."

ನಿಮ್ಮೂರಿನವರು ಯಾರೋ ಕೊಟ್ಟರು ಎಂದಷ್ಟೇ ದಸ್ತಗೀರ್ ಆಗ ಹೇಳಿದ್ದ. ಆ ಗಂಟನ್ನು ಗಡಿಗೆಪ್ಪ ತಿಂದಿದ್ದ. ಯಾರೋ ಊರಿನವರು ಕೊಟ್ಟರಂತೆ ಎಂದು ತಾಯಿಗೆ ಹೇಳಿಯೂ ಇದ್ದ. ಅವಳು ರುಚಿ ಇತ್ತೇನಪ್ಪ ಎಂದಷ್ಟೇ ಕೇಳಿದ್ದಳು.

ಕರೆಮ್ಮ ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು ತಣ್ಣಗೆ ಹೇಳಿದಳು: "ನಮಗೂ ಹೇಳಿದ್ಲಪ್ಪ ಬಸವಂತಿ. ನಮ್ಮ ಕುಟ್ಟಾಟ ಈಗ ಸಾಲ್ಯಾಗ ಪಾಠ ಆಗ್ಯಾದ ಅಂತ. ನನ್ನ ಹೆಸರು ಹೇಳಾಕ ಹುಡುಗಗ ನಾಚಿಕಿ, ಹೋಗಲಿ ಬಿಡು, ಪೆಟ್ಟಿನ ಲೆಕ್ಕ ಮಾತ್ರ ಸರಿ ಹೇಳ್ತಾನ ಅಂದ್ಲು. ನಕ್ಕೊಂತನ ಅಂದ್ಲು."

ದಸ್ತಗೀರನಿಗೆ ಅರ್ಥವಾಯಿತು. ಅವನು ಗಡಿಗೆಪ್ಪನ ಮುಖ ನೋಡದೆ, ತನ್ನ ಕರವಸ್ತ್ರವನ್ನು ಮಡಿಸಿ ಬಿಚ್ಚಿ ಮಡಿಸುತ್ತ ಅಂಗಳಕ್ಕೆ ಹೋಗಿ ನಿಂತ. ಬೈದಿದ್ದರೆ ಗಡಿಗೆಪ್ಪನಿಗೆ ಹಗುರವಾಗುತ್ತಿತ್ತು.

ಗಡಿಗೆಪ್ಪ ಹಿತ್ತಲಿಗೆ ಹೋದ. ಒನಕೆಗಳನ್ನು ಎದೆಗೆ ಅವಚಿಕೊಂಡು, ಎಲ್ಲರ ಎದುರಿನಿಂದ ಹಾದು, ಅಂಗಳಕ್ಕೆ ತಂದ. ಕೊಡ ಇಳಿಸಿದ, ಗೋಣಿಚೀಲ ಎಳೆದ. ದುರುಗಮ್ಮ ಒರಳಿಗೆ ಭತ್ತ ಸುರಿದಳು. ಇಬ್ಬರು ಮುದುಕಿಯರೂ ಸೆರಗು ಸಿಕ್ಕಿಸಿ ತಮ್ಮ ತಮ್ಮ ಹಳೆಯ ಜಾಗದಲ್ಲಿ ನಿಂತರು, ಬಸವಂತಮ್ಮನ ಜಾಗವನ್ನು ಬಿಟ್ಟು.

ಧಪ್. ಧಪ್. ಆಮೇಲೆ ಏನಿಲ್ಲ. ಧಪ್. ಧಪ್. ಆಮೇಲೆ ಏನಿಲ್ಲ.

ಗಡಿಗೆಪ್ಪ ಮೂರನೆಯ ಒನಕೆ ಹಿಡಿದು ಆ ಜಾಗಕ್ಕೆ ಬಂದ. ನುಣುಪಾದ ಸವಕಲಿನಲ್ಲಿ ಬೆರಳು ತಾನಾಗಿ ಕೂತಿತು. ಎತ್ತಿದ, ಇಳಿಸಿದ. ಅದು ದುರುಗಮ್ಮನ ಒನಕೆಗೆ ಬಡಿದು, ಒರಳಿನ ಅಂಚಿಗೆ ಜಾರಿತು. ಭತ್ತ ಅಂಗಳಕ್ಕೆಲ್ಲ ಸಿಡಿಯಿತು. ಯಾರೂ ನಗಲಿಲ್ಲ.

"ತಡಿ," ಎಂದಳು ದುರುಗಮ್ಮ, ಕೈ ನಿಲ್ಲಿಸದೆ. "ಇನ್ನ ನಿನ್ನ ಪಾಳಿ ಬಂದಿಲ್ಲ."

ಅವನು ಮತ್ತೆ ಎತ್ತಿ ಹಿಡಿದ. ಇಬ್ಬರೂ ಕುಟ್ಟುತ್ತಲೇ ಇದ್ದರು. ಪ್ರತಿ ಸುತ್ತಿನಲ್ಲೂ ಅವನಿಗಾಗಿ ಒಂದು ಪೆಟ್ಟಿನಷ್ಟು ಜಾಗ ಬಿಟ್ಟು ಕಾಯುತ್ತಿದ್ದರು. ಜಾಗ ಬಂತು, ಹೋಯಿತು. ಮತ್ತೆ ಬಂತು. ಒನಕೆ ಅವನ ತಲೆಯ ಮೇಲೆಯೇ ನಿಂತಿತ್ತು, ಬಾಗಿಲ ಒಳಗಿನಿಂದ ಬಸವಂತಮ್ಮ ಅದನ್ನೇ ನೋಡುತ್ತಿದ್ದಳು.